ಆರರ ಮ್ಯಾಲೊಂದು

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಚೀಲಾ ಎಣಸೂ ಮುಂದ
ಒಂದು ಅನ್ನಂಗಿಲ್ಲ, ಲಾಭ ಅಂತೀವಿ.
ಏಳು ಅನ್ನಂಗಿಲ್ಲ.
ಏಳು ಅಂದ್ರ ಲಕ್ಷ್ಮಿ ಎದ್ದು ಹೊಕ್ಕಾಳಂತ.
ಆರರ ಮ್ಯಾಲೊಂದು ಅಂತ ಹಗೂರಕ ದಾಟಿಸಿ
ಎಂಟಕ್ಕ ಹೋಗತೀವಿ.

ಹಿಂಗ ಎಣಿಕಿ ಕಲತಾವ ನಾನು, ಗುತ್ತೆಪ್ಪ ಹೊನ್ನತ್ತಿ,
ಹಾವೇರಿ ಈಜುಗೊಳದ ಆಚೀ ದಂಡಿಗೆ
ನಸುಕಿನ್ಯಾಗ ಕುಕ್ಕರಗಾಲಿಲೆ ಕುಂತು
ಮಗನ ಸುತ್ತು ಎಣಸತಿದ್ದೆ.
ಇಪ್ಪತ್ತೈದು ಮೀಟರಿನ ಹೊಂಡ, ಅರವತ್ತು ಸಲ.
ಮಾಸ್ತರ ಕಡೆ ನಂಬರಿನ ಬೋರ್ಡು ಇರಲಿಲ್ಲ,
ಮಾಲತೇಶನ ಒಂದನೇತ್ತೆ ಪಾಟಿ ಇತ್ತು.
ಉಳದದ್ದೆಷ್ಟು ಅಂತ ಬಳಪದಿಂದ ಬರದು ನೀರಿಗೆ ಹಿಡದರ
ಅವ ಲಾಗಾ ಹೊಡದು ಗ್ವಾಡಿ ಒದಿಯೂದ್ರಾಗ
ಅಂಕಿ ತೊಳದು ಹೋಗತಿತ್ತು.
ಅಂಗಿ ತುದಿಲೆ ಒರಸಿ ಮತ್ತ ಬರೀತಿದ್ದೆ.

ಒಂದಿನಾ ಕೇಳಿದ, ಟಾವೆಲ್ಲಿನ್ಯಾಗ ನಡುಗಿಕೋತ:
ಅಪ್ಪಾ, ಒಂಬತ್ತು ತೋರಸ್ತಿ, ಐದು ತೋರಸ್ತಿ,
ನಡುವ ಬರೇ ಪಾಟಿ ಯಾಕ ಹಿಡೀತಿ?
ಎದಿ ಧಸಕ್ಕಂತೈತಿ ನಂದು.
ಬರೇ ಪಾಟಿ ಕಂಡ್ರ ತಿಳ್ಕೊ, ಅಂದೆ.
ತಿಳ್ಕೊಂಡ.

ಈಗ ಅವ ಹಿಮಾ ಬೀಳೂ ಊರಾಗ.
ಅಲ್ಲಿ ಸಂಜಿ, ಇಲ್ಲಿ ರಾತ್ರಿ ಒಂದೂವರಿ.
ಗುಮಾಸ್ತ ರಾಚಯ್ಯನ ಫೋನು ಕೆಂಪ ಚೀಲಕ್ಕ ಆನಿಸೇವಿ.
ಎಂಟು ಮಂದಿ, ಎಂಟು ಗೆರಿ.
ಟೊಪ್ಪಿಗಿ ಕನ್ನಡಕ ಹಾಕ್ಕೊಂಡ್ರ ಎಲ್ಲಾರೂ ಒಬ್ಬವ್ವನ ಮಕ್ಕಳು.
ಹೆಸರು ಕೂಗಾವ ಹೊನಾಟಿ ಅಂದ, ಅನ್ನಲಿ.
ನೀರಿಗಿಳಿಯೂ ಮುಂದ ಎಡಗೈ ಚೂರು ಹೊರಳತೈತಲ್ಲ,
ಅದು ನಮ್ಮದು:
ಸಣ್ಣವಿದ್ದಾಗ ಲಾರಿ ಮ್ಯಾಲಿಂದ ಬಿದ್ದು ಮುರದ ಕೈ.

ಇಪ್ಪತ್ತೆಂಟಕ್ಕ ಚಿತ್ರ ನಿಂತಿತು.
ಕೈ ಎತ್ತಿದಾವ ಎತ್ತಿದಂಗ, ಬಾಯಿ ತೆರದಾವ ತೆರದಂಗ,
ನಟ್ಟನಡುವ ಒಂದು ಚಕ್ರ ತಿರಗತಿತ್ತು.
ರಾಚಯ್ಯ ಫೋನು ಝಾಡಿಸಿದ,
ಹೊರಗ ಒಯ್ದು ಆಕಾಶಕ್ಕ ತೋರಿಸಿದ.
ನನಗ ಕುಂದ್ರಾಕ ಆಗಲಿಲ್ಲ.
ಯಾರರೆ ಎಣಸಬೇಕಲ್ಲ.

ಲಾರಿ ಬಾಗಲದಿಂದ ಅಂಗಡಿ ಕಟ್ಟೀತನಕ
ಮೂವತ್ತು ವರ್ಷ ತುಳದ ಹಾದಿ,
ಇಪ್ಪತ್ತೈದು ಮೀಟರ ಹೆಚ್ಚು ಕಮ್ಮಿ.
ಚೀಲಾ ಹೊತ್ತರ ಹದಿನೈದು ಸೆಕೆಂಡು,
ಅಷ್ಟರಾಗ ಅವ ಒಂದು ದಂಡಿ ಮುಟ್ಟತಾನ.
ಬರೇ ಬೆನ್ನಿಲೆ ನಡದೆ.
ಲಘು ಆತು. ಒಂದು ಚೀಲಾ ಎತಗೊಂಡೆ.
ಇಪ್ಪತ್ತೊಂಬತ್ತು. ಮೂವತ್ತು.
ಅವಗ ಎರಡು ಕೈಗೊಮ್ಮೆ ಉಸರು,
ನನಗ ನಾಕು ಹೆಜ್ಜಿಗೊಮ್ಮೆ ಘಾಟಿನ ಕೆಮ್ಮು.
ತಾಟಿನ ಮ್ಯಾಲೆ ಮಲಗಿದ್ದ ಹುಡುಗೂರು ಎದ್ದು
ಗುತ್ತೆಪ್ಪಜ್ಜಗ ಏನಾತೋ ಅಂದ್ರು.
ಅದ ಚೀಲಾ ಆ ಕಡೆ, ಅದ ಚೀಲಾ ಈ ಕಡೆ.
ಮೂವತ್ತೇಳು ಬಂದಾಗ ಬಾಯಿ ಮುಚ್ಚಿ ನಡದೆ,
ನಲವತ್ತೇಳಕ್ಕೂ.

ಒಳಗ ಗಂಟಿ ಬಾರಿಸಿತು.
ಬಂತು ಬಂತು ಅಂತ ರಾಚಯ್ಯ ಒದರಿದ.
ಗಂಟಿ ನಮ್ಮವಂದಲ್ಲ, ಎಲ್ಲಾರಕಿಂತ ಮುಂದಿನವಂದು,
ಅವನ ಐವತ್ತೆಂಟು ಮುಗಿದಿತ್ತು.
ನಮ್ಮವ ಇನ್ನೂ ಹಿಂದಿನ ನೀರಾಗ,
ನಾ ಬಾಯಿ ಮುಚ್ಚಿಕೊಂಡ ಅಂಕಿಯೊಳಗ
ಎಡಗೈ ಹೊರಳಿಸಿಕೋತ ಬರಾಕತ್ತಿದ್ದ.

ಎಲ್ಲಾರೂ ಮುಟ್ಟಿದ್ರು. ಹಲಿಗಿ ಮ್ಯಾಲೆ ಹೆಸರು ಏರಿದುವು.
ರಾಚಯ್ಯ ಓದಿದ, ನನ್ನ ಮಾರಿ ನೋಡಿದ,
ಆರರ ಮ್ಯಾಲೊಂದು, ಅಂದ ಸಣ್ಣಗ.

ಗೆದ್ದಾವನ ಹಲ್ಲು ತೋರಸಾಕತ್ತಿದ್ರು.
ಮೂಲ್ಯಾಗ, ಅರ್ಧಾ ಕಾಣಸೂವಂಗ,
ನಮ್ಮವ ಕಟ್ಟಿ ಹಿಡದು ಮ್ಯಾಲೆ ಬರಾಕ ನೋಡಿದ.
ಮೊಣಕೈ ಜಾರಿತು. ಮತ್ತ ಹಿಡದ. ಮತ್ತ ಜಾರಿತು.
ಚೀಲಾ ಇನ್ನೂ ಬೆನ್ನ ಮ್ಯಾಲಿತ್ತು ನಂದು.
ಫೋನಿಗೆ ಬಾಗಿ ಅಂದಬಿಟ್ಟೆ,
ಏಳು, ತಮ್ಮಾ, ಏಳು.

ಹುಡುಗೂರು ಸುಮ್ಮನಾದ್ರು.
ಕಟ್ಟಿಗೆ ಎರಡನೇ ಲಾರಿ ಬಂದು ಹಾರ್ನ್ ಹೊಡೀತು.
ರಾಚಯ್ಯ ಪುಸ್ತಕ ತಗದು ಪೆನ್ನಿನ ಟೊಪ್ಪಿಗಿ ಹಲ್ಲಿಲೆ ಕಿತ್ತ.
ಮೊದಲನೇ ಚೀಲಕ್ಕ ಕೊಕ್ಕಿ ಹಾಕಿ ಕೂಗಿದೆ,
ಲಾಭ.