ಹದಿಮೂರು ಜೀವ

ಲಗ್ಗೆರೆ, ಮಹಡಿ ಮೇಲಿನ ರೂಮು, ನನ್ನ ವಾರದ ರಜೆ.
ಅಕ್ಕನ ಮಗ ನಿಶ್ಚಲ್ ಒಂದು ಹಾಳೆ ಮುಂದಿಟ್ಟ.
"ಚಿಕ್ಕಮ್ಮ, ಒಬ್ಬರು ಬಂದಿಲ್ಲ. ನೀವು ಆಡಿ."
ಸುತ್ತ ಅಫ್ನಾನ್, ಶೆರ್ಲಿ, ಮಾತೇ ಆಡದ ತಿಪ್ಪೇಶ.
ನಡುವೆ ಒಂದು ತಟ್ಟೆ ಕೋಡುಬಳೆ,
ಇಪ್ಪತ್ತು ಮುಖದ ದಾಳ.

"ಮಂತ್ರವಾದಿ ಆಗ್ತೀರಾ?" ನಲವತ್ತು ಮಂತ್ರದ ಪಟ್ಟಿ.
ಬೇಡಪ್ಪ. ದಿನವಿಡೀ ನಾನು ಜಪಿಸೋದು ಎರಡೇ,
'ಒಳಗೆ ಹೋಗಿ', 'ಚಿಲ್ಲರೆ ಕೊಡಿ'.
ಎರಡೂ ಫಲಿಸಿದ್ದು ನಾನು ಕಾಣೆ.
ಕಾದಾಡೋಳನ್ನ ಮಾಡು. ಒಂದೇ ಆಯುಧ,
ಅದರಲ್ಲೇ ಕೈ ಪಳಗಿದವಳು.

ಕೊಡಲಿ, ಗದೆ, ಸರಪಳಿಗೆ ಕಟ್ಟಿದ ಮುಳ್ಳುಗುಂಡು,
ಆಳೆತ್ತರದ ಕತ್ತಿ.
ಮಚ್ಚೊಂದು ಇರಲಿಲ್ಲ. "ಬೆಂಗಳೂರಿನವರು ಬರೆದಿಲ್ಲ ಆಂಟಿ,"
ಅಫ್ನಾನ್ ಅಂದ, ಎಲ್ಲ ನಕ್ಕರು.
ನಾನು ಈಟಿಯ ಮೇಲೆ ಬೆರಳಿಟ್ಟೆ. ಬೆಲೆ ಒಂದು ಹೊನ್ನು.
"ಅದು ಸಪ್ಪೆ. ಕತ್ತಿಗಾದರೆ ಪೆಟ್ಟು ಜಾಸ್ತಿ."
ಇರಲಿ. ಕತ್ತಿಯವಳು ಜನ ಹತ್ತಿರ ಬರೋ ತನಕ ಕಾಯಬೇಕು.
ಹತ್ತಿರ ಬಂದವರ ಬೆವರು, ಮೊಣಕೈ, ಮೂಟೆ, ಕಿವಿಗೇ ಕೂಗೋ ಮೊಬೈಲು
ಮೆಜೆಸ್ಟಿಕ್ ಮುಟ್ಟೋವರೆಗೂ ನನಗೆ ಇದ್ದದ್ದೇ.
ಈ ಆಟದಲ್ಲಾದರೂ ನನಗೂ ಜನಕ್ಕೂ ನಡುವೆ
ಆರಡಿ ಬಿದಿರು ಇರಲಿ.

ಅಂಕ ಹಂಚಬೇಕು. ಶಕ್ತಿಗೆ ಹದಿನಾರು.
ತಾಳಿಕೆಗೂ ಹದಿನಾರು ಹಾಕಿ ಅಂದ.
ತಾಳಿಕೆ ಅಂದರೇನೋ?
"ಏಟು ತಿಂದೂ ನಿಂತಿರೋದು."
ಸುಂಕದಕಟ್ಟೆ ಡಿಪೋದಲ್ಲಿ ಅದಕ್ಕೆ ಡ್ಯೂಟಿ ಅಂತಾರೆ.
ಚುರುಕಿಗೆ ಹದಿಮೂರು. ಬುದ್ಧಿಗೆ ಹತ್ತು,
ನಮ್ಮ ಲೆಕ್ಕದ ಮೇಷ್ಟ್ರೂ ಅಷ್ಟೇ ಕೊಟ್ಟಿದ್ದರು.
ವಿವೇಕಕ್ಕೆ ಹನ್ನೆರಡು: ಟಿಕೆಟ್ ತಗೊಳ್ಳದೆ
ಕಿಟಕಿಯಾಚೆ ನೋಡ್ತಾ ಕೂತವನು ಯಾರು
ಅಂತ ಬೆನ್ನಿಂದಲೇ ಗೊತ್ತಾಗೋವಷ್ಟು.
ಉಳಿದ ಎಂಟು ಮೋಡಿಗೆ.
"ಎಂಟು ಸಾಲದು ಆಂಟಿ," ಶೆರ್ಲಿ ಮರುಗಿದಳು.
ಸಾಕಮ್ಮ. ಬೆಳಗ್ಗೆ ಐದೂ ಇಪ್ಪತ್ತರ ಟ್ರಿಪ್ಪಿಗೆ
ಐನೂರರ ನೋಟು ಚಾಚೋನಿಗೆ ನಾನು ಬೀರೋ ನಗೆ
ತೂಗಿದರೂ ಎಂಟು ದಾಟಲ್ಲ.

ಆಮೇಲೆ ಪೂರ್ವಕಥೆ ಬೇಕಂತೆ.
ಸುಟ್ಟ ಊರು, ಕೊಲೆಯಾದ ತಂದೆ, ತೀರದ ಸೇಡು.
ಬೇಡ. ಅವಳ ಊರು ಸುಟ್ಟಿಲ್ಲ.
ಅಪ್ಪ ಇದ್ದಾನೆ, ಬಾಯಿ ಜೋರು.
ಗುರುವಾರ ಗುರುವಾರ ಹೋಗಿ ಬೈಸಿಕೊಂಡು ಬರ್ತಾಳೆ.
"ಮತ್ತೆ ಯಾಕೆ ಹೊಡೆದಾಡ್ತಾಳೆ?" ತಿಪ್ಪೇಶ ಮೊದಲ ಸಲ ಬಾಯಿಬಿಟ್ಟ.
ಯಾಕೆ ಅಂದರೆ?
ಅರ್ಜಿ ಹಾಕಿದಳು, ಪಾಸಾದಳು, ಈಟಿ ಕೊಟ್ಟರು.

ಹೆಸರಿಗೆ ನನ್ನಜ್ಜಿಯದನ್ನೇ ಬರೆದೆ, ಕೆಂಪಚೆನ್ನಿ.
ಮಾರ್ಕೆಟ್ಟಿನಲ್ಲಿ ತಕ್ಕಡಿ ಬಿಟ್ಟು ಬೇರೇನೂ ಎತ್ತಿದವಳಲ್ಲ.
ಎತ್ತಿದ ತಕ್ಕಡಿಗೆ ಪೊಲೀಸೂ ಹಿಂದೆ ಸರಿಯುತ್ತಿದ್ದ.

ಆಟ ಶುರು. ಮರದ ಸೇತುವೆ, ಆಚೆ ದಡದಲ್ಲಿ
ಹನ್ನೊಂದು ಕುಳ್ಳ ರಕ್ಕಸರು.
ಅಫ್ನಾನ್ ಬೆಂಕಿ ಎಸೆದ. ಮತ್ತೊಮ್ಮೆ ಎಸೆದ. ಮಂತ್ರ ಖಾಲಿ.
ಶೆರ್ಲಿ ಎಲ್ಲೋ ಕತ್ತಲಲ್ಲಿ ಅಡಗಿದಳು.
"ಕೆಂಪಚೆನ್ನಿ ಏನು ಮಾಡ್ತಾಳೆ?"
ಬಾಗಿಲಲ್ಲಿ ನಿಲ್ತಾಳೆ, ಅಂದೆ.
ಸೇತುವೆ ಅನ್ನಬೇಕಿತ್ತು. ಯಾರೂ ತಿದ್ದಲಿಲ್ಲ.
ದಾಳ ಹದಿನಾಲ್ಕು. ಆಮೇಲೆ ಒಂಬತ್ತು. ಆಮೇಲೆ ಹದಿನೇಳು.
ಪ್ರತಿ ಸಲ ನಾನು ಹೇಳೋದು ಅದೇ:
ಈಟಿಯಿಂದ ತಿವಿತೀನಿ.
ಮೂರನೇ ಸಲ ಹುಡುಗರೂ ಜೊತೆಗೆ ಕೂಗಿದರು,
ಕೆಳಗಿನ ಮನೆಯವರು ಸೂರಿಗೆ ಪೊರಕೆ ಕುಟ್ಟಿದರು.

ಏಟೂ ಬಿತ್ತು. ಹದಿಮೂರು ಜೀವ ಎಂಟಾಯ್ತು, ಐದಾಯ್ತು, ಎರಡು.
ಪೆನ್ಸಿಲ್ಲಲ್ಲಿ ಬರೆದದ್ದು,
ಅಳಿಸಿ ಅಳಿಸಿ ಆ ಜಾಗದಲ್ಲಿ ಹಾಳೆ ತೆಳ್ಳಗಾಯ್ತು.
"ಹೆದರಬೇಡಿ. ಒಂದು ರಾತ್ರಿ ಮಲಗಿ ಎದ್ದರೆ
ಹದಿಮೂರೂ ವಾಪಸ್."
ಪೂರ್ತಿಯಾ?
"ಪೂರ್ತಿ. ನಿಯಮ."
ಸೊಂಟ? ಹಿಮ್ಮಡಿ? ಗಂಟಲು?
"ಎಲ್ಲಾ ಚಿಕ್ಕಮ್ಮ."
ನಂಬಲಿಲ್ಲ. ಪುಸ್ತಕ ತೆಗೆದು ತೋರಿಸಿದ,
ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ.

ಸೇತುವೆ ಮೇಲೆ ಇನ್ನೂ ನಾಲ್ವರಿದ್ದಾರೆ.
ಅಲ್ಲಿಗೇ ನಿಲ್ಲಿಸಿದೆವು, ಮುಂದಿನ ವಾರಕ್ಕೆ.
ಈಗ ಹತ್ತೂವರೆ.
ಅಲಾರಾಂ ಮೂರೂ ಐವತ್ತಕ್ಕೆ.