ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪಾಯ್ಸಾಂದೂ ಊರಿನ ಹಳೆ ಮೈದಾನದಲ್ಲಿ
ನದಿಯ ಕಡೆಯ ಗೋಲಿನ ಹಿಂದೆ ನನ್ನ ಕುರ್ಚಿ.
ತೊಡೆಯ ಮೇಲೆ ಲ್ಯಾಪ್‌ಟಾಪು, ಕಂಕುಳಲ್ಲಿ ಬಿಸಿನೀರ ಫ್ಲಾಸ್ಕು,
ಒಂದು ಕೈಯಲ್ಲಿ ಕಹಿ ಮಾಟೆಯ ಬುರುಡೆ,
ಇನ್ನೊಂದು ಕೈಗೆ ತೊಂಬತ್ತು ನಿಮಿಷ ಬಿಡುವಿಲ್ಲ.
ಹನ್ನೊಂದು ವರ್ಷ ಬೀಜಗಣಿತ ಕಲಿಸಿದ ನೊಯೆಮಿ ಇರಿಗಾರಾಯ್
ಈಗ ಕ್ಲಬ್ಬಿನವರ ಬಾಯಲ್ಲಿ ಲೆಕ್ಕದ ಟೀಚರು.
ಅರ್ಧ ಸಂಬಳ ಒಂದನೇ ತಾರೀಖು,
ಉಳಿದರ್ಧ ಗೆದ್ದಾಗ.

ಜನಕ್ಕೆ ರೂಬೆನ್ ಬೇಕು.
ರೂಬೆನ್ ಹಾರುತ್ತಾನೆ, ಜಾರುತ್ತಾನೆ,
ಎದುರಾಳಿಯ ಕಾಲಿನಿಂದ ಚೆಂಡನ್ನು ಬೇರುಸಹಿತ ಕೀಳುತ್ತಾನೆ.
ಅಂಗಿಯ ತುಂಬ ಕೆಸರು ಹೊತ್ತು ಏಳುವಾಗ
ತಗಡಿನ ಸೂರು ನಡುಗುವಂತೆ ಚಪ್ಪಾಳೆ.
ಪಂದ್ಯಕ್ಕೆ ಆರು ಸಲ. ನಾನೂ ಬರೆದುಕೊಂಡೆ: ಆರು.

ಅವನ ಪಕ್ಕದಲ್ಲೇ ವಿಲ್ಮರ್ ಪಿಂಟೋಸ್.
ಇಸ್ತ್ರಿ ಮುರಿಯದ ಅಂಗಿ.
ಸೊನ್ನೆ. ಒಂದು. ಸೊನ್ನೆ. ಸೊನ್ನೆ.
‘ಕೊಡೆ ಮರೆತು ಬಂದವನ ಹಾಗೆ ನಿಂತಿರ್ತಾನೆ’
ಎನ್ನುತ್ತಾನೆ ಕೋಚು ಎವರಿಸ್ತೊ.
ಓಣಿಯಲ್ಲಿ ಆಡುವಾಗ ತೀರಾ ಚಿಕ್ಕ ತಮ್ಮನನ್ನು
ಅಳದಿರಲೆಂದು ಸೇರಿಸಿಕೊಳ್ಳುವುದಿಲ್ಲವೆ,
ಆಟಕ್ಕುಂಟು, ಲೆಕ್ಕಕ್ಕಿಲ್ಲ,
ಹಾಗೆ.

ಜೂನ್ ತಿಂಗಳ ಒಂದು ರಾತ್ರಿ, ಚಳಿ,
ಹೀಟರು ಕೆಟ್ಟಿತ್ತು, ನಿದ್ದೆ ಬರಲಿಲ್ಲ,
ಕೋಷ್ಟಕವನ್ನು ಅಂಗಿಯಂತೆ ಒಳಮಗ್ಗುಲು ತಿರುಗಿಸಿದೆ.
ಅವನು ಮಾಡಿದ್ದನ್ನು ಬಿಟ್ಟು
ಅವನೆದುರು ಬೇರೆಯವರು ಮಾಡದೆ ಹೋದದ್ದನ್ನು ಎಣಿಸಿದೆ.
ಆಗದ ಕಳ್ಳತನಕ್ಕೆ ಠಾಣೆಯಲ್ಲಿ ದೂರು ಇರುವುದಿಲ್ಲ,
ಬಾಗಿಲಲ್ಲಿ ನಾಯಿಯಂತೂ ಮಲಗೇ ಇರುತ್ತದೆ.
ವಿಲ್ಮರ್ ಇದ್ದರೆ ಆ ಬದಿಯಿಂದ ಗೋಲಿಗೆ ಬರುವ ಹೊಡೆತ ಎರಡು;
ಅವನು ಜ್ವರವೆಂದು ಮಲಗಿದ ಮೂರು ವಾರ
ಏಳು, ಆರು, ಎಂಟು.
ಚುರುಕುಗಾಲಿನ ಹುಡುಗರು ಅವನವರೆಗೆ ಬಂದು,
ತಲೆಯೆತ್ತಿ ನೋಡಿ, ಏನೋ ನೆನಪಾದವರಂತೆ
ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಾರೆ.
ಬಿದ್ದು ಕಸಿಯುವುದೆಂದರೆ
ಎರಡು ಹೆಜ್ಜೆ ತಡವಾದದ್ದಕ್ಕೆ ಕಟ್ಟುವ ದಂಡ:
ರೂಬೆನ್ ಪಂದ್ಯಕ್ಕೆ ಆರು ಸಲ ಕಟ್ಟುತ್ತಾನೆ.

ಮೂರು ವಾರ ಸಾಕೇ ಸಾಕ್ಷಿಗೆ? ಸಾಲದು.
ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ
ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ.
ಕಂಡರೂ ಪರಾಂಬರಿಸಿ ನೋಡಬೇಕು,
ಎಣಿಸಿದರೂ.

ತರಬೇತಿ ಮುಗಿದು ಲೇಸು ಬಿಚ್ಚುತ್ತಿದ್ದವನಿಗೆ
ಕಾಗದ ತೋರಿಸಿದೆ. ತುಂಬ ಹೊತ್ತು ನೋಡಿದ.
ಹಿಗ್ಗುತ್ತಾನೆ ಅಂದುಕೊಂಡಿದ್ದೆ.
ಬಾಗಿಲತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ:
‘ಬಲಮಂಡಿ ಹೋಗಿ ನಾಲ್ಕು ವರ್ಷ ಆಯ್ತು, ಟೀಚರ್.
ಓಡಿದರೆ ಗೊತ್ತಾಗಿಬಿಡುತ್ತೆ.
ಅದಕ್ಕೇ ಮೊದಲೇ ಹೋಗಿ ನಿಂತಿರ್ತೀನಿ.’

ಎವರಿಸ್ತೊಗೆ ಹೊಡೆತಗಳ ಲೆಕ್ಕ ಕೊಟ್ಟೆ, ಮಂಡಿಯದ್ದಲ್ಲ.
ಬುರುಡೆಯ ತಳ ಗೊರಗುಟ್ಟುವ ತನಕ ಹೀರಿ
‘ಹಂಗಾದ್ರೆ ನಿಂತ್ಕೊಂಡಿರ್ಲಿ ಬಿಡು’ ಅಂದ.

ಮೊನ್ನೆ ಮೊಂತೆವಿದಿಯೊದ ದೊಡ್ಡ ಕ್ಲಬ್ಬಿನಿಂದ ಫೋನು:
ನಿಮ್ಮ ರೂಬೆನ್‌ನ ಅಂಕಿಅಂಶ ಕಳಿಸಿ.
ಕಳಿಸಿದೆ. ಆರು, ಆರು, ಏಳು, ಒಂದು ಅಕ್ಷರ ಸುಳ್ಳಿಲ್ಲ.
ಪಕ್ಕದವನ ಬಗ್ಗೆ ಅವರು ಕೇಳಲಿಲ್ಲ.

ಇನ್ನೊಂದು ಗೆರೆ ಇದೆ ನನ್ನಲ್ಲಿ, ಹೆಸರಿಡದ ಫೈಲಿನಲ್ಲಿ:
ಎದುರಾಳಿ ಪಾಸು ಕೊಡುವುದಕ್ಕೆ ಎಷ್ಟು ಮುಂಚೆ
ವಿಲ್ಮರ್ ಹೊರಡುತ್ತಾನೆ ಎಂದು.
ಮಾರ್ಚಿನಲ್ಲಿ ಅರ್ಧ ಸೆಕೆಂಡು. ಜುಲೈಗೆ ಮುಕ್ಕಾಲು.
ಈ ಭಾನುವಾರ ಒಂದೂಕಾಲು.
ಚೆಂಡು ಇನ್ನೂ ಯಾರದೆಂದು ತೀರ್ಮಾನವಾಗಿರಲಿಲ್ಲ,
ಅವನಾಗಲೇ ಅಂಗಿಯ ಅಂಚು ನೆಟ್ಟಗೆಳೆದುಕೊಳ್ಳುತ್ತ
ನಡೆದು ಹೊರಟಿದ್ದ.
ಬೇಲಿಯಾಚೆ ಯಾರೋ ಸಿಳ್ಳೆ ಹಾಕಿ ಸೋಮಾರಿ ಎಂದು ಬೈದರು.
ನಾನು ಸಮಯ ಬರೆದುಕೊಂಡೆ.