ಮೂವತ್ತೊಂದನೆಯ ಪುಟ

ಹಕೊದಾತೆಯ ಹಡಗುಕಟ್ಟೆಯಲ್ಲಿ ಟಿಕೆಟ್ಟು ಹರಿಯುವುದು ನನ್ನ ಕೆಲಸ.
ರಾತ್ರಿಯ ಕೊನೆಯ ಹಡಗು ಬಿಟ್ಟ ಮೇಲೆ
ಸೀಮೆಎಣ್ಣೆ ಒಲೆಯ ಪಕ್ಕ ಕೂತು
ನನ್ನವನಲ್ಲದವನ ಕತೆ ಬರೆಯುತ್ತೇನೆ.

ಟಿವಿಯವನು. ಕುರೋಸೆ, ಹಡಗಿನ ವೈದ್ಯ.
ಹದಿಮೂರನೆಯ ಕಂತಿನಲ್ಲಿ ಮಂಜಿನೊಳಕ್ಕೆ ಇಳಿದು ಹೋದ.
ಕಳಿಸಿದವರು ಮರೆತರು, ನಾವು ಮರೆಯಲಿಲ್ಲ.
ನಾವು ಎಂದರೆ ಒಂದಿನ್ನೂರು ಜನ:
ಹಲ್ಲಿನ ಡಾಕ್ಟರ ಸಹಾಯಕಿ, ಬಸ್ಸಿನ ಡ್ರೈವರು,
ಒಬ್ಬರ ಮಾತು ಇನ್ನೊಬ್ಬರು ಮುಗಿಸುವ ಅವಳಿ ಹುಡುಗಿಯರು.

ಮೊದಲ ಸಲ ಅವನನ್ನು ದಡಕ್ಕೆ ಕರೆತಂದಾಗ
ನನ್ನಪ್ಪನ ಕೆಮ್ಮು ಕೊಟ್ಟೆ ಅವನಿಗೆ,
ಕಿತ್ತಳೆಯ ಸಿಪ್ಪೆ ಕಡಿಯದಂತೆ
ಒಂದೇ ಸುರುಳಿಯಾಗಿ ಸುಲಿಯುವ ಅಪ್ಪನ ಬೆರಳು ಕೊಟ್ಟೆ,
ಆಸ್ಪತ್ರೆಯ ಆ ಮಂಗಳವಾರವನ್ನೂ ಕೊಟ್ಟೆ.
ಬರೆಯುತ್ತ ಅತ್ತೆ. ಅತ್ತದ್ದನ್ನೂ ಬರೆದೆ.
ನಲವತ್ತು ಪುಟ, ಎರಡು ಪಿನ್ನು.
ಸಪ್ಪೊರೊದ ಸಭಾಂಗಣದಲ್ಲಿ ಅರ್ಧ ಮೇಜು ಬಾಡಿಗೆ ಹಿಡಿದೆ;
ಹನ್ನೊಂದು ಪ್ರತಿ ಹೋದವು.

ಹನ್ನೆರಡನೆಯದನ್ನು ತೋಕಿವಾ ಎಂಬಾಕೆ
ನಿಂತಲ್ಲೇ ಓದಿ, ಮೆಲ್ಲಗೆ ಮುಚ್ಚಿಟ್ಟರು.
"ಕ್ಷಮಿಸಿ. ಅಳುವುದನ್ನೆಲ್ಲ ನೀವೇ ಅತ್ತು ಮುಗಿಸಿದ್ದೀರಿ.
ನನಗೆ ಏನೂ ಉಳಿಸಿಲ್ಲ."

ಸಿಟ್ಟು ಬಂತು. ರೈಲಿನಲ್ಲಿ ಜೊತೆಗೇ ಬಂತು,
ಮೋರಿ ನಿಲ್ದಾಣ ದಾಟಿದ ಮೇಲೆ ತುಸು ಇಳಿಯಿತು.

ಅವರು ಬರಿಗೈಯಲ್ಲಿ ಬಂದಿರಲಿಲ್ಲ.
ಹದಿಮೂರು ಕಂತಿನ ಪ್ರೀತಿ ಗಂಟು ಕಟ್ಟಿ ತಂದಿದ್ದರು.
ಗಂಟು ಬಿಚ್ಚಲು ಜಾಗ ಬೇಕಿತ್ತು;
ಜಾಗದ ತುಂಬ ನನ್ನಪ್ಪ ಮಲಗಿದ್ದ.

ದೂರದ ಬೆಟ್ಟ ನುಣ್ಣಗೆ ಎಂದು ನಗುತ್ತಾರಲ್ಲ,
ಬೆಟ್ಟಕ್ಕೆ ಮೂಗು ಒತ್ತಿ ನಿಂತವರಿಗೆ
ಕಾಣುವುದು ಬರಿ ಕಲ್ಲು.

ಮತ್ತೆ ಬರೆದೆ. ಒಂಬತ್ತು ಕಡೆ ಕಣ್ಣೀರು ಹೊಡೆದುಹಾಕಿದೆ.
ಕೆಮ್ಮು ವಾಪಸು ಪಡೆದೆ.
ಮಂಗಳವಾರವನ್ನೂ ಪಡೆದೆ, ಅದು ನನ್ನದು.
ಈಗ ಕುರೋಸೆ ಬಾಗಿಲವರೆಗೆ ಬರುತ್ತಾನೆ.
ಒಳಗೆ ಯಾರೋ ಅಕ್ಕಿ ತೊಳೆಯುವ ಸದ್ದು.
ಬೂಟು ಕಳಚುತ್ತಾನೋ ಇಲ್ಲವೋ ನಾನು ಹೇಳುವುದಿಲ್ಲ.
ಮೆಟ್ಟಿಲ ಮೇಲೆ, ಮೂವತ್ತೊಂದನೆಯ ಪುಟದಲ್ಲಿ,
ಸುರುಳಿ ಸುತ್ತಿದ ಒಂದು ಸಿಪ್ಪೆ, ಇನ್ನೂ ಒಣಗಿಲ್ಲ.
ಅದೊಂದನ್ನು ಮಾತ್ರ ಹಿಂದಕ್ಕೆ ಕೇಳಲಾಗಲಿಲ್ಲ.

ಹಳೆಯ ಪ್ರತಿ ಬಿಸ್ಕತ್ತಿನ ಡಬ್ಬಿಯಲ್ಲಿದೆ.
ಅದು ಕತೆಯಲ್ಲ, ಕಾಗದ.
ಹಾಕಲು ವಿಳಾಸವಿಲ್ಲ.

ಫೆಬ್ರುವರಿ. ಅದೇ ಮೇಜು, ಅದೇ ಕುಂಟುವ ಕಾಲು.
ತೋಕಿವಾ ಬಂದರು. ಈ ಸಲವೂ ನಿಂತೇ ಓದಿದರು.
ಹಾಳೆ ತಿರುವುವ ಬೆರಳು ಒಂದು ಕಡೆ ತಡೆಯಿತು.
ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು,
ಹಾಕಿಕೊಂಡರು, ಮತ್ತೆ ತೆಗೆದರು.
ಯಾರು ನೆನಪಾದರೋ. ನನ್ನಪ್ಪನಂತೂ ಅಲ್ಲ,
ಬಹುಶಃ ಕುರೋಸೆಯೂ ಅಲ್ಲ.
ಕೇಳಲಿಲ್ಲ. ಮೇಜಿನ ಈಚೆ ಕೂತು
ಸಾವಿರ ಯೆನ್ನಿನ ನೋಟಿಗೆ ಚಿಲ್ಲರೆ ಎಣಿಸಿದೆ,
ಎರಡೆರಡು ಸಲ.